ತಳಿ ದೊಡ್ಡದೋ, ನೆಲ ದೊಡ್ಡದೋ: ಹಾಲ್ಡೇನ್ ಹಾಕಿಕೊಟ್ಟ ಲೆಕ್ಕ

ನಾನು ಹೈದರಾಬಾದಿನಲ್ಲಿ ಕೋಳಿ ಉದ್ಯಮಕ್ಕೆ ಸೇರಿದ ಕೆಲಸದಲ್ಲಿದ್ದೇನೆ ಎಂದು ಗೊತ್ತಾದರೆ ಊರಿನವರು ಕೇಳುವುದು ಒಂದೇ ಪ್ರಶ್ನೆ. ಯಾವ ತಳಿ ಒಳ್ಳೆಯದು? ಗಿರಿರಾಜನೋ ವನರಾಜನೋ, ನಾಟಿಯೋ ಫಾರಂ ಕೋಳಿಯೋ? ಗಿರಿರಾಜ ನಮ್ಮ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಕೊಡುಗೆ. ವನರಾಜ, ಗ್ರಾಮಪ್ರಿಯ ಇಲ್ಲಿನ ರಾಜೇಂದ್ರನಗರದಲ್ಲಿರುವ ಕೇಂದ್ರ ಸರ್ಕಾರದ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದ ತಳಿಗಳು. ಕೇಳುವವರಿಗೆ ಬೇಕಾದದ್ದು ಒಂದು ಹೆಸರು ಮಾತ್ರ. ಆದರೆ ಎಲ್ಲಿ ಸಾಕುತ್ತೀರಿ, ಏನು ತಿನ್ನಿಸುತ್ತೀರಿ ಎಂದು ಮರುಪ್ರಶ್ನೆ ಹಾಕದೆ ಉತ್ತರ ಕೊಡಲು ಬರುವುದಿಲ್ಲ.

ಈ ಮರುಪ್ರಶ್ನೆಗೆ ಗಣಿತದ ಗಟ್ಟಿ ಬುನಾದಿ ಹಾಕಿಕೊಟ್ಟವರಲ್ಲಿ ಒಬ್ಬರು ಜೆ.ಬಿ.ಎಸ್. ಹಾಲ್ಡೇನ್. ಇಂಗ್ಲೆಂಡಿನಲ್ಲಿ ಹುಟ್ಟಿ, 64ನೇ ವಯಸ್ಸಿನಲ್ಲಿ ಊರು ಬಿಟ್ಟು ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯಾಗಿ ಇಲ್ಲೇ ತೀರಿಕೊಂಡ ವಿಜ್ಞಾನಿ. ಊರು ಬಿಟ್ಟು ದುಡಿಯುವ ನಮ್ಮಂಥವರು ಅವರ ಬದುಕನ್ನು ತಿಳಿದುಕೊಳ್ಳಲು ಕೋಳಿಯ ಹಂಗಿಲ್ಲದೆಯೂ ಕಾರಣವಿದೆ.

ಗಣಿಯೊಳಗಿನ ಬಾಲ್ಯ

ಜಾನ್ ಬರ್ಡನ್ ಸ್ಯಾಂಡರ್‌ಸನ್ ಹಾಲ್ಡೇನ್ ಹುಟ್ಟಿದ್ದು 1892ರ ನವೆಂಬರ್ 5ರಂದು, ಆಕ್ಸ್‌ಫರ್ಡ್‌ನಲ್ಲಿ. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ಕುರಿತು ಸಂಶೋಧನೆ ಮಾಡಿದ ಹೆಸರಾಂತ ಶರೀರವಿಜ್ಞಾನಿ. ಕಲ್ಲಿದ್ದಲು ಗಣಿಗಳಲ್ಲಿ ವಿಷಾನಿಲದ ಸುಳಿವು ಹಿಡಿಯಲು ಪುಟ್ಟ ಕ್ಯಾನರಿ ಹಕ್ಕಿಗಳನ್ನು ಒಯ್ಯಬೇಕೆಂದು ಸಲಹೆ ಕೊಟ್ಟವರು ಅವರೇ. ತಮ್ಮ ಮೇಲೂ, ಮಗನ ಮೇಲೂ ಪ್ರಯೋಗ ಮಾಡಲು ಅವರು ಹಿಂಜರಿದವರಲ್ಲ. ಒಮ್ಮೆ ಗಣಿಯ ತಗ್ಗು ಸುರಂಗದಲ್ಲಿ ಮಗನನ್ನು ಎದ್ದು ನಿಲ್ಲಿಸಿ ಶೇಕ್ಸ್‌ಪಿಯರ್ ನಾಟಕದ ಒಂದು ಭಾಷಣ ಒಪ್ಪಿಸಲು ಹೇಳಿದರು. ಮೇಲ್ಭಾಗದಲ್ಲಿ ತುಂಬಿಕೊಂಡಿದ್ದ ಅನಿಲದಿಂದ ಹುಡುಗನಿಗೆ ಉಸಿರು ಕಟ್ಟಿತು, ಕಾಲು ಸೋತಿತು. ಕೆಳಗೆ ಬಿದ್ದ ಮೇಲೆ ಸಲೀಸಾಗಿ ಉಸಿರಾಡಿದ. ಆ ಅನಿಲ ಗಾಳಿಗಿಂತ ಹಗುರ, ಅದು ಮೇಲೆ ನಿಲ್ಲುತ್ತದೆ ಎಂಬ ಪಾಠವನ್ನು ಮತ್ತೆ ಹೇಳಿಕೊಡಬೇಕಾಗಲಿಲ್ಲ.

ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡ ಅನುವಂಶೀಯತೆಯ ನಿಯಮಗಳು ಮರೆವಿನಿಂದ ಹೊರಬಂದದ್ದು 1900ರಲ್ಲಿ. ಮರುವರ್ಷ ತಂದೆಯ ಜೊತೆ ಹೋಗಿ ಆ ಕುರಿತ ಉಪನ್ಯಾಸ ಕೇಳಿದಾಗ ಹುಡುಗನಿಗೆ ಎಂಟು ವರ್ಷ. ಮುಂದೆ, ನಂತರ ಕಾದಂಬರಿಗಾರ್ತಿಯಾಗಿ ಹೆಸರಾದ ತಂಗಿ ನವೋಮಿಯ ಜೊತೆ ಮನೆಯಂಗಳದಲ್ಲೇ ನೂರಾರು ಗಿನಿಯಿಲಿಗಳನ್ನು ಸಾಕಿ, ಯಾವ ಬಣ್ಣದ ತಂದೆತಾಯಿಗೆ ಯಾವ ಬಣ್ಣದ ಮರಿ ಎಂದು ಪಟ್ಟಿ ಮಾಡಿದರು. ಅಣ್ಣ ತಂಗಿ ಇನ್ನೊಬ್ಬ ಗೆಳೆಯನ ಜೊತೆ ಇಲಿಗಳ ಮೇಲೆ ಮಾಡಿದ ಕೆಲಸ 1915ರಲ್ಲಿ ಪ್ರಕಟವಾಯಿತು. ಕೆಲವು ಗುಣಗಳು ಒಂದಕ್ಕೊಂದು ಅಂಟಿಕೊಂಡು ಮುಂದಿನ ಪೀಳಿಗೆಗೆ ಹೋಗುತ್ತವೆ ಎಂಬುದನ್ನು ಸಸ್ತನಿಗಳಲ್ಲಿ ಮೊದಲು ತೋರಿಸಿದ ಲೇಖನವದು. ಅಷ್ಟರಲ್ಲಿ ಆ ಗೆಳೆಯ ಮಹಾಯುದ್ಧದಲ್ಲಿ ಮಡಿದಿದ್ದ. ಹಾಲ್ಡೇನ್ ಕೂಡ ರಣರಂಗದಲ್ಲಿದ್ದರು. ಫ್ರಾನ್ಸಿನಲ್ಲಿ ಒಮ್ಮೆ, ಮೆಸೊಪೊಟೇಮಿಯಾದಲ್ಲಿ ಇನ್ನೊಮ್ಮೆ ಗಾಯಗೊಂಡರು. ಎರಡನೇ ಸಲ ಚೇತರಿಸಿಕೊಳ್ಳಲು ಅವರನ್ನು ಕಳಿಸಿದ್ದು ಭಾರತಕ್ಕೆ. ಈ ದೇಶ ಅವರ ಮನಸ್ಸಿಗೆ ಹಿಡಿಸಿದ್ದು ಆಗಲೇ.

ವಿಶೇಷವೆಂದರೆ ಹಾಲ್ಡೇನ್ ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಗಣಿತ, ಆಮೇಲೆ ಗ್ರೀಕ್ ಲ್ಯಾಟಿನ್ ಸಾಹಿತ್ಯ ಮತ್ತು ತತ್ತ್ವಶಾಸ್ತ್ರ. ವಿಜ್ಞಾನದಲ್ಲಿ ಅವರಿಗೆ ಪದವಿಯೇ ಇರಲಿಲ್ಲ.

ಕೋಳಿಯ ಜುಟ್ಟಿನಿಂದ ಶುರುವಾದ ಶಾಸ್ತ್ರ

ಪ್ರಾಣಿಗಳಲ್ಲೂ ಮೆಂಡೆಲ್ ನಿಯಮ ನಡೆಯುತ್ತದೆ ಎಂದು ಮೊದಲು ತೋರಿಸಿಕೊಟ್ಟದ್ದು ಕೋಳಿಗಳು. ಇಂಗ್ಲೆಂಡಿನ ವಿಲಿಯಂ ಬೇಟ್‌ಸನ್ 1902ರಲ್ಲಿ ಕೋಳಿಯ ಜುಟ್ಟಿನ ಆಕಾರವನ್ನು ಹಿಡಿದು ಇದನ್ನು ಸಾಬೀತು ಮಾಡಿದರು. ಬೇಟ್‌ಸನ್ ಮತ್ತು ಅವರ ಜೊತೆಗಾರ ಪನ್ನೆಟ್ ಸೇರಿ 1910ರಲ್ಲಿ 'ಜರ್ನಲ್ ಆಫ್ ಜೆನೆಟಿಕ್ಸ್' ಎಂಬ ಪತ್ರಿಕೆ ಆರಂಭಿಸಿದರು. ಈ ಪತ್ರಿಕೆಯ ಹೆಸರು ನೆನಪಿನಲ್ಲಿರಲಿ. ಅದರ ಪ್ರಯಾಣ ಮುಂದೆ ನಮ್ಮೂರಿನವರೆಗೂ ಬರುತ್ತದೆ.

ಯುದ್ಧ ಮುಗಿಸಿ ಬಂದ ಹಾಲ್ಡೇನ್ 1919ರಲ್ಲಿ ಇದೇ ಪತ್ರಿಕೆಯಲ್ಲಿ ಒಂದು ಸೂತ್ರ ಕೊಟ್ಟರು. ವಂಶವಾಹಿಗಳು ಕ್ರೋಮೋಸೋಮ್ ಎಂಬ ದಾರದ ಮೇಲೆ ಮಣಿಗಳಂತೆ ಸಾಲಾಗಿವೆ. ಹತ್ತಿರದ ಎರಡು ಮಣಿಗಳು ಸಾಮಾನ್ಯವಾಗಿ ಜೊತೆಗೇ ಮರಿಗೆ ಹೋಗುತ್ತವೆ, ದೂರದವು ಆಗಾಗ ಬೇರೆಯಾಗುತ್ತವೆ. ಎಷ್ಟು ಸಲ ಬೇರೆಯಾದವು ಎಂದು ಎಣಿಸಿ ನಡುವಿನ ದೂರವನ್ನು ಲೆಕ್ಕ ಹಾಕುವುದು ಹೇಗೆಂದು ಆ ಸೂತ್ರ ಹೇಳುತ್ತದೆ. ಈ ದೂರದ ಅಳತೆಗೆ ಸೆಂಟಿಮಾರ್ಗನ್ ಎಂಬ ಹೆಸರು ಬಂದದ್ದು ಅವರಿಂದಲೇ. ಕೋಳಿಯ 39 ಜೋಡಿ ಕ್ರೋಮೋಸೋಮ್‌ಗಳಲ್ಲಿ ತೂಕಕ್ಕೆ, ಕಾಲಿನ ಬಲಕ್ಕೆ, ಮೊಟ್ಟೆಗೆ ಸಂಬಂಧಿಸಿದ ತಾಣಗಳನ್ನು ಹುಡುಕುವವರು ಇಂದಿಗೂ ಆ ಅಳತೆಯನ್ನು ಬಳಸುತ್ತಾರೆ. 1921ರಲ್ಲಿ ಅಮೆರಿಕದ 'ಸೈನ್ಸ್' ಪತ್ರಿಕೆಯಲ್ಲಿ ಅವರು ಕೋಳಿಗಳಲ್ಲಿ ವಂಶವಾಹಿಗಳ ಈ ಅಂಟಿನ ಬಗ್ಗೆಯೇ ಒಂದು ಪುಟ್ಟ ಟಿಪ್ಪಣಿ ಬರೆದರು.

ಮರುವರ್ಷ ಬಂದದ್ದು ಇಂದು ಹಾಲ್ಡೇನ್ ನಿಯಮ ಎಂದೇ ಕರೆಯುವ ಮಾತು. ಎರಡು ಬೇರೆ ಜಾತಿಯ ಪ್ರಾಣಿಗಳು ಕೂಡಿ ಹುಟ್ಟಿದ ಮರಿಗಳಲ್ಲಿ ಒಂದು ಲಿಂಗ ಇಲ್ಲವಾದರೆ, ವಿರಳವಾದರೆ ಅಥವಾ ಬಂಜೆಯಾದರೆ, ಅದು ಎರಡು ಬಗೆಯ ಲಿಂಗ ಕ್ರೋಮೋಸೋಮ್ ಇರುವ ಲಿಂಗವೇ ಆಗಿರುತ್ತದೆ. ನಮ್ಮಲ್ಲಿ, ಅಂದರೆ ಸಸ್ತನಿಗಳಲ್ಲಿ, ಅದು ಗಂಡು. ಹಕ್ಕಿಗಳಲ್ಲಿ ತಿರುವುಮುರುವು, ಅಲ್ಲಿ ಅದು ಹೆಣ್ಣು. ಹ್ಯಾಚರಿಗಳಿಗೆ ಇದರಿಂದ ಒಂದು ಅನುಕೂಲವಿದೆ. ಹೇಂಟೆ ಮರಿಗೆ ಝಡ್ ಕ್ರೋಮೋಸೋಮ್ ಬರುವುದು ಅಪ್ಪನಿಂದ ಮಾತ್ರ. ಹಾಗಾಗಿ ಅಪ್ಪ ಅಮ್ಮನನ್ನು ಸರಿಯಾಗಿ ಆರಿಸಿದರೆ ಒಂದೇ ದಿನದ ಮರಿಯ ರೆಕ್ಕೆಯ ಗರಿ ನೋಡಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಬೇರ್ಪಡಿಸಬಹುದು.

ನಮ್ಮ ಪಶ್ಚಿಮ ಘಟ್ಟಕ್ಕೂ ಈ ಕಥೆಯಲ್ಲಿ ಪಾಲಿದೆ. ಊರುಕೋಳಿಯ ಮೂಲ ಕೆಂಪು ಕಾಡುಕೋಳಿ. ಆದರೆ ಹಳದಿ ಚರ್ಮ, ಹಳದಿ ಕಾಲಿಗೆ ಕಾರಣವಾದ ವಂಶವಾಹಿ ಬಂದದ್ದು ಘಟ್ಟದ ಕಾಡುಗಳಲ್ಲಿ ಕೂಗುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಜಗತ್ತಿನ ಉದ್ದಗಲಕ್ಕೂ ಮಾರಾಟವಾಗುವ ಹಳದಿ ಕಾಲಿನ ಕೋಳಿಯಲ್ಲಿ ದಕ್ಷಿಣ ಭಾರತದ ಕಾಡಿನ ಒಂದು ಗುರುತು ಉಳಿದುಕೊಂಡಿದೆ.

ಆಯ್ಕೆಯ ಲೆಕ್ಕ

1923ರಲ್ಲಿ ಹಾಲ್ಡೇನ್ ಕೇಂಬ್ರಿಜ್‌ಗೆ ಜೀವರಸಾಯನಶಾಸ್ತ್ರ ಕಲಿಸಲು ಹೋದರು. ಆಗ ವಿವಾಹಿತೆಯಾಗಿದ್ದ ಷಾರ್ಲೆಟ್ ಅವರ ಜೊತೆಗಿನ ಪ್ರೇಮ, ಅವರ ವಿಚ್ಛೇದನದ ಮೊಕದ್ದಮೆ ಸುದ್ದಿಯಾಗಿ ವಿಶ್ವವಿದ್ಯಾಲಯ ಹಾಲ್ಡೇನ್ ಅವರನ್ನು ಕೆಲಸದಿಂದ ತೆಗೆಯಿತು. ಅವರು ಸುಮ್ಮನೆ ಹೋಗಲಿಲ್ಲ. ಮೇಲ್ಮನವಿ ಸಲ್ಲಿಸಿ, ಗೆದ್ದು, ಅದೇ ಕುರ್ಚಿಗೆ ಮರಳಿದರು. 1926ರಲ್ಲಿ ಇಬ್ಬರೂ ಮದುವೆಯಾದರು.

ಅವರ ಅತಿದೊಡ್ಡ ಕೆಲಸ ನಡೆದದ್ದೂ ಅದೇ ವರ್ಷಗಳಲ್ಲಿ. 1924ರಿಂದ ಹತ್ತು ವರ್ಷ, ನಿಸರ್ಗದ ಆಯ್ಕೆಯನ್ನು ಗಣಿತಕ್ಕೆ ಇಳಿಸುವ ಲೇಖನ ಸರಣಿ ಬರೆದರು. ಒಂದು ಗುಣದಿಂದ ಇಷ್ಟು ಅನುಕೂಲವಿದ್ದರೆ ಅದು ಹಿಂಡಿನಲ್ಲಿ ಎಷ್ಟು ಪೀಳಿಗೆಗಳಲ್ಲಿ ಹರಡುತ್ತದೆ? ಮ್ಯಾಂಚೆಸ್ಟರ್‌ನ ಹೊಗೆಯ ನಡುವೆ ಬಿಳಿ ಪತಂಗಗಳು ಮರೆಯಾಗಿ ಕಪ್ಪು ಪತಂಗಗಳು ಅರ್ಧ ಶತಮಾನದಲ್ಲಿ ತುಂಬಿಕೊಂಡದ್ದನ್ನು ತೆಗೆದುಕೊಂಡು, ಕಪ್ಪು ಪತಂಗ ಬಿಳಿಯದಕ್ಕಿಂತ ಸುಮಾರು ಒಂದೂವರೆ ಪಟ್ಟು ಸಂತಾನ ಉಳಿಸಿಕೊಂಡಿರಬೇಕು ಎಂದು ಲೆಕ್ಕ ಕೊಟ್ಟರು. ಫಿಷರ್, ರೈಟ್ ಮತ್ತು ಹಾಲ್ಡೇನ್, ಈ ಮೂವರು ಡಾರ್ವಿನ್ನನ ವಿಚಾರವನ್ನೂ ಮೆಂಡೆಲನ ನಿಯಮವನ್ನೂ ಬೆಸೆದರು ಎನ್ನುವುದು ಇದಕ್ಕೇ. ಇಂದು ಯಾವ ಹುಂಜವನ್ನು ಉಳಿಸಿಕೊಳ್ಳಬೇಕು, ಮುಂದಿನ ಪೀಳಿಗೆಯಲ್ಲಿ ಎಷ್ಟು ಗ್ರಾಂ ಲಾಭ ಎಂದು ತಳಿ ಕಂಪನಿಗಳು ಕಂಪ್ಯೂಟರಿನಲ್ಲಿ ಹಾಕುವ ಲೆಕ್ಕ ಇದೇ ಮನೆತನದ್ದು.

ಆ ಲೆಕ್ಕ ಎಷ್ಟು ಫಲ ಕೊಟ್ಟಿದೆ ಎಂಬುದಕ್ಕೆ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಒಂದು ಪ್ರಯೋಗವಿದೆ. 1957ರ ಕಾಲದ ಕೋಳಿಯ ವಂಶವನ್ನು ಯಾವ ಆಯ್ಕೆಯೂ ಇಲ್ಲದೆ ಹಾಗೆಯೇ ಕಾಪಾಡಿಕೊಂಡು ಬಂದಿದ್ದರು. ಅದನ್ನು 1978ರ ವಂಶದ ಮತ್ತು 2005ರ ಬ್ರಾಯ್ಲರ್ ಕೋಳಿಗಳ ಜೊತೆಗಿಟ್ಟು, ಮೂರಕ್ಕೂ ಒಂದೇ ಆಹಾರ ಕೊಟ್ಟು ಸಾಕಿದರು. 56ನೇ ದಿನ 1957ರ ಕೋಳಿಯ ತೂಕ ಸರಾಸರಿ 905 ಗ್ರಾಂ, 1978ರದ್ದು 1808 ಗ್ರಾಂ, 2005ರದ್ದು 4202 ಗ್ರಾಂ. ಆಹಾರ ಒಂದೇ ಆದ್ದರಿಂದ ಈ ವ್ಯತ್ಯಾಸವೆಲ್ಲ ತಳಿಯದ್ದು. ಹಾರ್ಮೋನ್ ಚುಚ್ಚಿ ಬೆಳೆಸುತ್ತಾರೆ ಎಂಬ ಊರಿನ ಮಾತಿಗೆ ಇದೇ ಉತ್ತರ. ಪೀಳಿಗೆಯಿಂದ ಪೀಳಿಗೆಗೆ ದಪ್ಪಗಾಗುವುದನ್ನೇ ಆರಿಸುತ್ತಾ ಬಂದದ್ದರ ಫಲ ಅದು.

ಆದರೆ ಈ ಓಟಕ್ಕೆ ಬೆಲೆಯಿದೆ. ದೇಹ ಬೇಗ ತೂಗಿದಂತೆ ಕಾಲು, ಹೃದಯ ಅದಕ್ಕೆ ಸಾಟಿಯಾಗುವುದಿಲ್ಲ. ತೂಕ ಏರಿದ ತಳಿಯಲ್ಲಿ ಮೊಟ್ಟೆ ಇಳಿಯುತ್ತದೆ. ಬ್ರಾಯ್ಲರ್ ಮರಿಗಳ ತಾಯಿಕೋಳಿಗೆ ಹೊಟ್ಟೆತುಂಬ ತಿನ್ನಲು ಬಿಟ್ಟರೆ ಅದು ಸರಿಯಾಗಿ ಮೊಟ್ಟೆಯಿಡದು ಎಂದು ಆಹಾರವನ್ನು ಅಳೆದು ಹಾಕುತ್ತಾರೆ. ಕೋಳಿ ಜಗತ್ತಿನ ಈ ಇಕ್ಕಟ್ಟು ಹಾಲ್ಡೇನ್ ಅವರಿಗೆ ಅಪರಿಚಿತವಲ್ಲ. 1957ರಲ್ಲಿ ಅವರು ಬರೆದ, ನಿಸರ್ಗದ ಆಯ್ಕೆಗೆ ತೆರಬೇಕಾದ ಬೆಲೆಯ ಕುರಿತ ಪ್ರಸಿದ್ಧ ಲೇಖನ ಆರಂಭವಾಗುವುದೇ ತಳಿಗಾರರ ಒಂದು ಕಷ್ಟದಿಂದ. ಬೇಕಾದ ಗುಣಗಳನ್ನೆಲ್ಲ ಒಂದೇ ಸಲಕ್ಕೆ ಆರಿಸಿಕೊಳ್ಳಲು ಯಾವ ಹಿಂಡಿನಲ್ಲೂ ಆಗುವುದಿಲ್ಲ, ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು.

ಆರು ಸಾಧ್ಯತೆಗಳು

1933ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದಾಗ ಯುರೋಪಿನಲ್ಲಿ ಕೆಟ್ಟ ಗಾಳಿ ಬೀಸುತ್ತಿತ್ತು. ಮನುಷ್ಯರಲ್ಲೂ ಮೇಲ್ತಳಿ ಕೀಳ್ತಳಿಗಳಿವೆ, ಕೀಳಾದವರಿಗೆ ಮಕ್ಕಳಾಗದಂತೆ ಮಾಡಬೇಕು ಎಂಬ ವಾದಕ್ಕೆ ವಿಜ್ಞಾನದ ಹೆಸರು ಹಚ್ಚಲಾಗಿತ್ತು. ಜರ್ಮನಿಯಲ್ಲಿ ಅದು ಕಾನೂನೇ ಆಯಿತು. ತಳಿಶಾಸ್ತ್ರ ತಿಳಿದವರೇ ಇದಕ್ಕೆ ಉತ್ತರ ಕೊಡಬೇಕಿತ್ತು. ಹಾಲ್ಡೇನ್ 1938ರಲ್ಲಿ ಅನುವಂಶೀಯತೆ ಮತ್ತು ರಾಜಕೀಯದ ಮೇಲೆ ಒಂದು ಪುಸ್ತಕವನ್ನೇ ಬರೆದರು.

ಅದರ ಬೆನ್ನಿಗೆ ನಿಲ್ಲುವ ಗಣಿತ ಬಂದದ್ದು 1946ರಲ್ಲಿ, ಹುಟ್ಟುಗುಣ ಮತ್ತು ಪರಿಸರಗಳ ಹೆಣಿಗೆಯ ಮೇಲಿನ ಲೇಖನದಲ್ಲಿ. ಅದರ ತಿರುಳನ್ನು ಕೋಳಿಯ ಉದಾಹರಣೆಯಿಂದಲೇ ನೋಡಬಹುದು. ಎರಡು ತಳಿ, ಒಂದು ಬ್ರಾಯ್ಲರ್, ಇನ್ನೊಂದು ನಾಟಿ. ಎರಡು ಜಾಗ, ಒಂದು ತಂಪು ಮಾಡಿದ ಶೆಡ್, ಇನ್ನೊಂದು ಬಿಸಿಲಿನ ಹಿತ್ತಲು. ಶೆಡ್ಡಿನಲ್ಲಿ ಬ್ರಾಯ್ಲರ್ ನಾಟಿಯನ್ನು ಬಹಳ ಹಿಂದೆ ಹಾಕುತ್ತದೆ. ಹಿತ್ತಲಿಗೆ ಬಿಟ್ಟರೆ ಕೆದಕಿ ತಿನ್ನಲು ಬಾರದೆ, ಸೆಖೆ ತಾಳದೆ, ನಾಯಿ ಹದ್ದಿಗೆ ತಪ್ಪಿಸಿಕೊಳ್ಳಲಾರದೆ ಅದು ಸೋಲುತ್ತದೆ, ನಾಟಿ ಗೆಲ್ಲುತ್ತದೆ. ಇದು ಒಂದು ಬಗೆ. ಎರಡೂ ಕಡೆ ಒಂದೇ ತಳಿ ಗೆಲ್ಲುವುದು ಇನ್ನೊಂದು ಬಗೆ. ಹೀಗೆ ಎರಡು ತಳಿ, ಎರಡು ಜಾಗಕ್ಕೇ ಆರು ಬಗೆಯ ಸಂಬಂಧಗಳು ಸಾಧ್ಯ ಎಂದು ಹಾಲ್ಡೇನ್ ತೋರಿಸಿದರು. ತಳಿ ಹತ್ತು, ಜಾಗ ಹತ್ತು ಆದರೆ ಸಾಧ್ಯತೆಗಳ ಸಂಖ್ಯೆ ಬರೆಯಲು 145 ಅಂಕಿಗಳು ಬೇಕು.

ಅಂದರೆ, ಜಾಗದ ಹೆಸರು ಹೇಳದೆ ಈ ತಳಿ ಮೇಲು, ಅದು ಕೀಳು ಎನ್ನುವುದು ಅರ್ಧ ವಾಕ್ಯ. ಕೋಳಿಯ ವಿಷಯದಲ್ಲಿ ಅರ್ಧ ವಾಕ್ಯ ನಂಬಿದವರು ಒಂದಿಷ್ಟು ದುಡ್ಡು ಕಳೆದುಕೊಳ್ಳುತ್ತಾರೆ. ಮನುಷ್ಯರ ವಿಷಯದಲ್ಲಿ ಅದನ್ನು ನಂಬಿದ ದೇಶ ಲಕ್ಷಾಂತರ ಜೀವ ತೆಗೆದದ್ದನ್ನು ಆ ತಲೆಮಾರು ಆಗಷ್ಟೇ ಕಂಡಿತ್ತು.

ಹಾಲ್ಡೇನ್ ಅವರ ರಾಜಕೀಯಕ್ಕೂ ಅದರದ್ದೇ ಕುರುಡು ಇತ್ತೆಂಬುದನ್ನು ಮುಚ್ಚಿಡಬೇಕಿಲ್ಲ. ಅವರು ಕಮ್ಯುನಿಸ್ಟ್ ಪಕ್ಷ ಸೇರಿ, ಅದರ ದಿನಪತ್ರಿಕೆಗೆ ಕೂಲಿಕಾರರಿಗೂ ಅರ್ಥವಾಗುವಂತೆ ನೂರಾರು ವಿಜ್ಞಾನ ಲೇಖನ ಬರೆದರು. ಆದರೆ ರಷ್ಯಾದಲ್ಲಿ ಲೈಸೆಂಕೊ ಎಂಬಾತ ಸರ್ಕಾರದ ಬಲದಿಂದ ತಳಿಶಾಸ್ತ್ರವನ್ನೇ ಹೊಸಕಿ, ಅಲ್ಲಿನ ವಿಜ್ಞಾನಿಗಳು ಸೆರೆಮನೆ ಸೇರಿದಾಗ, ಹಾಲ್ಡೇನ್ ಗಟ್ಟಿಯಾಗಿ ಖಂಡಿಸಲು ಬಹಳ ತಡಮಾಡಿದರು. ಪಕ್ಷದಿಂದ ದೂರವಾದದ್ದು 1950ರ ಹೊತ್ತಿಗೆ. ದೇಹಕ್ಕೆ ಅಂಜದ ಧೈರ್ಯ ಮಾತ್ರ ಅವರಲ್ಲಿ ಕೊನೆಯವರೆಗೂ ಇತ್ತು. 1939ರಲ್ಲಿ ಥೀಟಿಸ್ ಜಲಾಂತರ್ಗಾಮಿ ಮುಳುಗಿ ಹಲವರು ಸತ್ತ ಮೇಲೆ, ಒತ್ತಡದ ಕೋಣೆಯೊಳಗೆ ತಾವೇ ಕೂತು ಪ್ರಯೋಗ ಮಾಡಿ ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡರು.

ಧೋತರ ಉಟ್ಟ ಪ್ರೊಫೆಸರ್

ಮೊದಲ ಮದುವೆ ಮುರಿದ ನಂತರ 1945ರಲ್ಲಿ ಅವರು ಪ್ರಾಣಿಶಾಸ್ತ್ರಜ್ಞೆ ಹೆಲೆನ್ ಸ್ಪರ್ವೆ ಅವರನ್ನು ಮದುವೆಯಾದರು. 1957ರಲ್ಲಿ ಇಬ್ಬರೂ ಲಂಡನ್ ಬಿಟ್ಟು ಕಲ್ಕತ್ತೆಗೆ, ಪಿ.ಸಿ. ಮಹಾಲನೊಬಿಸ್ ಅವರ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಬಂದರು. ಸೂಯೆಜ್ ಕಾಲುವೆಯ ಮೇಲೆ ಬ್ರಿಟನ್ ದಾಳಿ ಮಾಡಿದ್ದಕ್ಕೆ ಪ್ರತಿಭಟನೆ ಎಂದು ಹೇಳಿಕೊಂಡರು. ಅದರ ಜೊತೆಗೆ ಭಾರತದ ಬಿಸಿಲು, ಇಲ್ಲಿನ ಪಶುಪಕ್ಷಿ ವೈವಿಧ್ಯ, ಅಹಿಂಸೆಯ ವಿಚಾರ ಎಲ್ಲವೂ ಅವರನ್ನು ಸೆಳೆದಿದ್ದವು. ಬೂಟು ಕಾಲುಚೀಲ ಕಳಚಿ, ಧೋತರ ಜುಬ್ಬ ತೊಟ್ಟರು. ಮಾಂಸವನ್ನೂ ಬಿಟ್ಟರು. ಕೋಳಿಯ ಬಗ್ಗೆ ಇಷ್ಟು ಉಪಕಾರ ಮಾಡಿದವರು ಕೋಳಿ ತಿನ್ನುವುದನ್ನು ನಿಲ್ಲಿಸಿದರು.

ಇಲ್ಲಿನ ವಿದ್ಯಾರ್ಥಿಗಳಿಗೆ ಅವರು ಕಲಿಸಿದ್ದು ದುಬಾರಿ ಯಂತ್ರಗಳಿಗೆ ಕಾಯದೆ ಸುತ್ತ ಕಣ್ಣುಬಿಟ್ಟು ನೋಡುವುದನ್ನು, ನೋಡಿದ್ದನ್ನು ಎಣಿಸುವುದನ್ನು. ಎಸ್.ಕೆ. ರಾಯ್ ಪಾರಿಜಾತದ ಎಸಳುಗಳನ್ನು ಎಣಿಸಿದರು. ಟಿ.ಎ. ಡೇವಿಸ್ ತೆಂಗಿನ ಮರದ ಗರಿಗಳು ಎಡಸುತ್ತೋ ಬಲಸುತ್ತೋ ಎಂದು ಲೆಕ್ಕವಿಟ್ಟರು. ಆಂಧ್ರದ ದ್ರೋಣಂರಾಜು ಕೃಷ್ಣರಾವ್ ಲಂಟಾನದ ಯಾವ ಬಣ್ಣದ ಹೂವಿಗೆ ಯಾವ ಚಿಟ್ಟೆ ಬರುತ್ತದೆಂದು ಗಮನಿಸಿದರು. ಸುರೇಶ್ ಜಯಕರ್ ಹೆಲೆನ್ ಜೊತೆಗೂಡಿ ಹಳದಿ ಟಿಟ್ಟಿಭದ ಗೂಡುಗಳ ಬಳಿ ಕಾದು ಕೂತರು. ಲಂಡನ್ನಿಗೆ ಹೋಗದೆಯೂ ಲಂಡನ್ ಒಪ್ಪುವ ವಿಜ್ಞಾನ ಮಾಡಬಹುದೆಂಬ ವಿಶ್ವಾಸ ಈ ಹುಡುಗರಿಗೆ ಬಂತು.

ಎಲ್ಲವೂ ಸುಗಮವಾಗಿರಲಿಲ್ಲ. ಮಹಾಲನೊಬಿಸ್ ಅವರೊಂದಿಗೆ ಮನಸ್ತಾಪವಾಗಿ 1961ರಲ್ಲಿ ಸಂಸ್ಥೆ ಬಿಟ್ಟರು. ಅದೇ ವರ್ಷ ಭಾರತದ ಪೌರತ್ವ ಸಿಕ್ಕಿತ್ತು. ಸರ್ಕಾರಿ ಕಡತಗಳ ನಿಧಾನಗತಿಯೊಡನೆ ಅವರ ಸಿಡುಕು ಸ್ವಭಾವ ದಿನವೂ ಡಿಕ್ಕಿ ಹೊಡೆಯುತ್ತಿತ್ತು. ಆದರೂ ಹಿಂತಿರುಗುವ ಮಾತಾಡಲಿಲ್ಲ. ಒಡಿಶಾದ ಮುಖ್ಯಮಂತ್ರಿ ಬಿಜು ಪಟ್ನಾಯಕ್ ಕರೆದರು. 1962ರಲ್ಲಿ ಭುವನೇಶ್ವರಕ್ಕೆ ಹೋಗಿ ತಳಿಶಾಸ್ತ್ರ ಮತ್ತು ಜೀವಮಾಪನ ಪ್ರಯೋಗಾಲಯ ಕಟ್ಟತೊಡಗಿದರು.

ಮರುವರ್ಷದ ಕೊನೆಗೆ ಕರುಳಿನ ಕ್ಯಾನ್ಸರ್ ಪತ್ತೆಯಾಯಿತು. ಅವರು ಅದರ ಮೇಲೂ ಒಂದು ತಮಾಷೆಯ ಪದ್ಯ ಬರೆದು, ಲಕ್ಷಣ ಕಂಡೊಡನೆ ವೈದ್ಯರ ಬಳಿ ಹೋಗಿ ಎಂದು ಓದುಗರಿಗೆ ತಿಳಿಹೇಳಿದರು. ತಮ್ಮ ಶ್ರದ್ಧಾಂಜಲಿಯ ಮಾತನ್ನು ತಾವೇ ಬಿಬಿಸಿಗೆ ಮುದ್ರಿಸಿಕೊಟ್ಟರು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ತೀರಿಕೊಂಡರು. ದೇಹವನ್ನು ಮೊದಲೇ ಉಯಿಲಿನಲ್ಲಿ ಬರೆದಿಟ್ಟಂತೆ ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ, ವಿದ್ಯಾರ್ಥಿಗಳ ಕಲಿಕೆಗೆ ಒಪ್ಪಿಸಲಾಯಿತು. ಹೆಲೆನ್ ಕೂಡ ಇಂಗ್ಲೆಂಡಿಗೆ ಮರಳಲಿಲ್ಲ. ಅವರ ಬದುಕು ಕೊನೆಗೊಂಡದ್ದು 1970ರ ದಶಕದ ಕೊನೆಯಲ್ಲಿ, ನಮ್ಮ ಈ ಹೈದರಾಬಾದಿನಲ್ಲಿ.

ಉಳಿದದ್ದು

ಹಾಲ್ಡೇನ್ ಸಂಪಾದಿಸುತ್ತಿದ್ದ, ಲಂಡನ್ನಿನಿಂದ ಜೊತೆಗೆ ತಂದಿದ್ದ 'ಜರ್ನಲ್ ಆಫ್ ಜೆನೆಟಿಕ್ಸ್' ಅನ್ನು ಅವರ ನಂತರ ಹೆಲೆನ್ ನಡೆಸಿಕೊಂಡು ಬಂದರು. ಕೆಲವು ವರ್ಷ ನಿಂತುಹೋಗಿದ್ದ ಅದನ್ನು 1985ರಲ್ಲಿ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಮತ್ತೆ ಆರಂಭಿಸಿತು. ಕೋಳಿಜುಟ್ಟು ಎಣಿಸಿದವರು ಇಂಗ್ಲೆಂಡಿನಲ್ಲಿ ಹುಟ್ಟುಹಾಕಿದ ಪತ್ರಿಕೆ ಈಗ ಬೆಂಗಳೂರಿನ ವಿಳಾಸದಿಂದ ಹೊರಡುತ್ತದೆ.

ರಾಜೇಂದ್ರನಗರದಲ್ಲಿ ನಡೆಯುವುದು 1946ರ ಆ ಲೆಕ್ಕದ ಹೊಲದ ರೂಪ. ಶೆಡ್ಡಿಗೊಂದು ತಳಿ, ಹಿತ್ತಲಿಗೆ ಇನ್ನೊಂದು. ವನರಾಜ ಮಾಂಸಕ್ಕೂ ಮೊಟ್ಟೆಗೂ ಆದೀತು, ಗ್ರಾಮಪ್ರಿಯ ಮುಖ್ಯವಾಗಿ ಮೊಟ್ಟೆಗೆ. ಎರಡಕ್ಕೂ ಬಣ್ಣದ ಗರಿ ಇರುವುದು ಹಳ್ಳಿಯವರ ಕಣ್ಣಿಗೆ ಒಪ್ಪಲಿ, ಹದ್ದಿನ ಕಣ್ಣಿಗೆ ಬೇಗ ಬೀಳದಿರಲಿ ಎಂದು. ಕತ್ತಿನಲ್ಲಿ ಗರಿಯೇ ಇಲ್ಲದ ಬೋಳುಕತ್ತಿನ ಕೋಳಿಯ ವಂಶವನ್ನೂ ಅಲ್ಲಿ ಉಳಿಸಿಕೊಂಡಿದ್ದಾರೆ. ಚಳಿದೇಶದಲ್ಲಿ ಕೊರತೆ ಎನ್ನಿಸುವ ಆ ಗುಣ ತೆಲಂಗಾಣದ ಮೇ ತಿಂಗಳಿನಲ್ಲಿ ಮೈಯ ಬಿಸಿ ಹೊರಹೋಗಲು ದಾರಿ. ನಾಟಿ ಅಸೀಲನ್ನು ಕಡಿಮೆ ತೂಗುತ್ತದೆ ಎಂದು ಕೈಬಿಟ್ಟಿದ್ದರೆ, ಮುಂದೆಂದೋ ಬೇಕಾಗುವ ಗುಣಗಳೂ ಅದರೊಂದಿಗೆ ಹೋಗುತ್ತಿದ್ದವು. ಒಂದೇ ಬಗೆಯ ಕೋಳಿ ಜಗತ್ತನ್ನು ತುಂಬುತ್ತಿರುವಾಗ ಈ ವೈವಿಧ್ಯವನ್ನು ಉಳಿಸುವುದು ಹವ್ಯಾಸವಲ್ಲ, ಮುಂದಿನ ಊಟದ ಪ್ರಶ್ನೆ.

ಊರಿನಿಂದ ಫೋನ್ ಮಾಡಿ ಯಾವ ತಳಿ ಒಳ್ಳೆಯದು ಎಂದು ಕೇಳುವವರಿಗೆ ಹಿತ್ತಲು ಎಷ್ಟಿದೆ, ಕಾಳು ಹಾಕುತ್ತೀರೋ ಹಾಗೇ ಬಿಡುತ್ತೀರೋ, ಮೊದಲ ಆರು ವಾರ ಮರಿಗೆ ಬೆಚ್ಚಗಿಡಲು ಆಗುತ್ತದೋ ಎಂದು ನಾನು ಕೇಳುವುದು ಇದಕ್ಕೇ. ನಮ್ಮ ಮಕ್ಕಳನ್ನು ಬೆಂಗಳೂರಿನ ಅಣ್ಣನ ಮಕ್ಕಳ ಜೊತೆ, ಅಮೆರಿಕದ ಅತ್ತೆಯ ಮಕ್ಕಳ ಜೊತೆ ತೂಗಿನೋಡುವಾಗಲೂ ಅದೇ ಪ್ರಶ್ನೆಗಳನ್ನು ಕೇಳಿಕೊಂಡರೆ ಒಳ್ಳೆಯದು.